ಮಾಟುಂಗಾದಲ್ಲೂ ಒಂದು ಸಂಜೆ ಆಗಲಿ

ಮುಂಬೈನ ಕ್ವಿಯರ್ (ಸಲಿಂಗಿ, ಟ್ರಾನ್ಸ್ ಮುಂತಾದ) ಬರಹಗಾರರು ಒಟ್ಟಿಗೆ ಕೂತು ತಮ್ಮ ಬರಹ ಓದುವ ಸಂಜೆಗಳ ಬಗ್ಗೆ ಬರೆದಿದ್ದೀರಿ. ತುಂಬಾ ಖುಷಿಯಾಯ್ತು. 1990ರಲ್ಲಿ ಅಶೋಕ್ ರಾವ್ ಕವಿ ಸಲಿಂಗಿಗಳಿಗಾಗಿ 'ಬಾಂಬೆ ದೋಸ್ತ್' ಪತ್ರಿಕೆ ಶುರು ಮಾಡಿದ ಊರಿದು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯ 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಳೆಯಿತು. ಮನೆಯವರ ಭಯ ಇನ್ನೂ ಹೋಗಿಲ್ಲ ಅಲ್ವಾ?

ಇಂಥದ್ದೇ ಒಂದು ಸಂಜೆಗೆ ನಾನೂ ಹೋಗಿದ್ದೆ. ಇಂಗ್ಲಿಷ್, ಹಿಂದಿ, ಮರಾಠಿ ಎಲ್ಲ ಆದ ಮೇಲೆ ನಮ್ಮ ಕರಾವಳಿ ಕಡೆಯ ಹುಡುಗನೊಬ್ಬ ಎದ್ದ. ಅಮ್ಮನಿಗೆ ಬರೆದು ಕಳಿಸದೇ ಉಳಿದ ಪತ್ರವನ್ನು ಮೊಬೈಲ್ ನೋಡಿಕೊಂಡು ಕನ್ನಡದಲ್ಲೇ ಓದಿದ. ಅರ್ಧಕ್ಕೇ ಗಂಟಲು ಕಟ್ಟಿತು. ಪಕ್ಕದವರು ನೀರು ಕೊಟ್ಟರು, ಮತ್ತೆ ಓದಿದ. ಭಾಷೆ ಗೊತ್ತಿದ್ದವರು ಅಲ್ಲಿ ಎರಡು ಮೂರು ಜನ ಅಷ್ಟೇ.

ಮುಂಬೈ ಕನ್ನಡಿಗರ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಎರಡೂ ಮಾಟುಂಗಾ ಕಡೆಯೇ ಇವೆ. ನಾಟಕ, ಕವಿಗೋಷ್ಠಿ ಮಾಡುವವರು ಇವರಿಗೂ ಒಂದು ಸಂಜೆ ಕೊಡಲಿ. ಫೋಟೋ, ವಿಡಿಯೋ ಮಾತ್ರ ಬೇಡವೇ ಬೇಡ. ಇಲ್ಲಿನ ಕನ್ನಡಿಗರ ಬಳಗದಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ವಾಟ್ಸಾಪ್‌ಗೆ ಬಿದ್ದರೆ ರಾತ್ರಿಯೊಳಗೆ ಊರು ಮುಟ್ಟುತ್ತೆ. ಹೆಸರು ಹೇಳದೆ ಓದಲೂ ಅವಕಾಶ ಇರಲಿ. ನಮ್ಮಂಥ ಹಿರಿಯರು ಬಂದು ಮುಂದಿನ ಸಾಲಲ್ಲಿ ಕೂರೋಣ.