ಬ್ರಿಟಿಷರ ಯುದ್ಧದಲ್ಲಿ ಗಾಂಧೀಜಿ ಸ್ಟ್ರೆಚರ್ ಹೊತ್ತದ್ದು ಸರಿಯೇ?

ಪರ

1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರರಿಗೂ (ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರು) ಬ್ರಿಟಿಷರಿಗೂ ಯುದ್ಧ ಹತ್ತಿಕೊಂಡಾಗ ಗಾಂಧೀಜಿಗೆ 30 ವರ್ಷ. ಮನಸ್ಸು ಬೋಯರರ ಕಡೆಗೇ ಇತ್ತು ಅಂತ ಅವರೇ ಬರೆದುಕೊಂಡಿದ್ದಾರೆ. ಆದರೂ ಬ್ರಿಟಿಷರ ಕಡೆ ನಿಂತರು. ಬ್ರಿಟಿಷ್ ಪ್ರಜೆಗಳು ಅಂತ ಹಕ್ಕು ಕೇಳುವವರು ಕಷ್ಟಕಾಲದಲ್ಲಿ ಬಾಗಿಲು ಹಾಕಿಕೊಂಡು ಕೂರೋಕಾಗುತ್ತಾ? ಭಾರತೀಯರು ಹೇಡಿಗಳು, ದುಡ್ಡು ಮಾಡೋಕೆ ಬಂದವರು ಅಂತ ಬಿಳಿಯರು ಹಂಗಿಸುತ್ತಿದ್ದರು. ಅದಕ್ಕೂ ಉತ್ತರ ಕೊಡಬೇಕಿತ್ತು.

ಅವರ ಆಂಬುಲೆನ್ಸ್ ದಳಕ್ಕೆ ಸುಮಾರು 1,100 ಜನ ಸೇರಿದರು. ಜಾಸ್ತಿ ಮಂದಿ ಗಿರ್ಮಿಟ್ ಕೂಲಿಗಳು, ಅಂದರೆ ಕರಾರಿನ ಮೇಲೆ ಭಾರತದಿಂದ ಬಂದವರು. ಗುಂಡು ಹಾರುವ ಜಾಗಕ್ಕೆ ಇವರನ್ನು ಕಳಿಸುವುದಿಲ್ಲ ಅಂತ ಮೊದಲೇ ಮಾತಾಗಿತ್ತು. ಸ್ಪಿಯಾನ್ ಕಾಪ್ ಬೆಟ್ಟದಲ್ಲಿ ಬ್ರಿಟಿಷ್ ಸೈನ್ಯ ಪೆಟ್ಟು ತಿಂದಾಗ ಅದರ ಜನರಲ್ ಬುಲ್ಲರ್ ಹೇಳಿ ಕಳಿಸಿದರು: ಬಲವಂತ ಇಲ್ಲ, ಬಂದರೆ ಉಪಕಾರ. ಇವರು ಹೋದರು. ಗಾಯಾಳುಗಳನ್ನು ಹೊತ್ತು ದಿನಕ್ಕೆ 20–25 ಮೈಲಿ ನಡೆದರು. ಕೈಯಲ್ಲಿ ಬಂದೂಕು ಇರಲಿಲ್ಲ.

1906ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಜುಲುಗಳು ಬಿಳಿಯರ ಸರ್ಕಾರದ ವಿರುದ್ಧ ಎದ್ದ ದಂಗೆಯ ವಿಷಯ ಬಂದರೆ ನನಗೆ ಗಂಟಲು ಕಟ್ಟುತ್ತದೆ. ಆಗ 24 ಜನರ ಸಣ್ಣ ತಂಡ, ಗಾಂಧೀಜಿ ಸಾರ್ಜೆಂಟ್ ಮೇಜರ್. ಅವರ ಪಾಲಿಗೆ ಬಂದವರು ಬಹುಪಾಲು ಜುಲುಗಳೇ. ಚಾಟಿ ಏಟಿನಿಂದ ಮೈ ಹರಿದು, ಐದಾರು ದಿನ ಯಾರೂ ಮುಟ್ಟದೆ ಗಾಯ ಕೊಳೆತು ನಾರುತ್ತಿತ್ತು. ಬಿಳಿಯರು ಯಾರೂ ಶುಶ್ರೂಷೆ ಮಾಡಲು ಒಪ್ಪಿರಲಿಲ್ಲ. ಕಂಬಿಯ ಆಚೆ ನಿಂತ ಸೈನಿಕರು ಇಣುಕಿ, ಬಿಟ್ಟುಬಿಡಿ ಅನ್ನುತ್ತಿದ್ದರು. ಇವರು ಕೇಳದಿದ್ದಾಗ ಜುಲುಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಇವರು ಗಾಯ ತೊಳೆಯುತ್ತಲೇ ಇದ್ದರು. ಗಾಂಧೀಜಿ ಮನೆಯಲ್ಲೇ ಕೂತಿದ್ದರೆ ಆ ಬೆನ್ನುಗಳಿಗೆ ಮದ್ದು ಹಚ್ಚುವವರು ಯಾರಿದ್ದರು?

ವಿರೋಧ

ಆ ಬೆನ್ನುಗಳ ಮಾತು ನನ್ನನ್ನೂ ತಟ್ಟುತ್ತದೆ. ಆದರೆ ಗಾಂಧೀಜಿ ಜುಲುಗಳಿಗಾಗಿ ಹೋದವರಲ್ಲ. ಜುಲುಗಳನ್ನು ಬಗ್ಗುಬಡಿಯಲು ಹೊರಟ ಸೈನ್ಯಕ್ಕೆ ಸಹಾಯ ಮಾಡುತ್ತೇವೆ ಅಂತ ತಾವಾಗಿಯೇ ಸರ್ಕಾರಕ್ಕೆ ಬರೆದು ಹೋದವರು. ಗಾಯಾಳುಗಳು ಜುಲುಗಳು ಅನ್ನೋದು ಅಲ್ಲಿಗೆ ಹೋದ ಮೇಲೆ ಗೊತ್ತಾಗಿದ್ದು.

ದಂಗೆಗೆ ಕಾರಣ ಏನು? ದಕ್ಷಿಣ ಆಫ್ರಿಕಾದ ಬ್ರಿಟಿಷ್ ವಸಾಹತು ನೆಟಾಲ್‌ನ ಸರ್ಕಾರ ಹೇರಿದ 1 ಪೌಂಡ್ ತಲೆಗಂದಾಯ. ಅದೇ ಸರ್ಕಾರ ಕರಾರು ಮುಗಿಸಿದ ನಮ್ಮ ಕೂಲಿಗಳ ಮೇಲೆ ವರ್ಷಕ್ಕೆ 3 ಪೌಂಡ್ ತೆರಿಗೆ ಹಾಕಿತ್ತು. ಅದು ಅನ್ಯಾಯ ಅಂತ ಮೊದಲು ದನಿ ಎತ್ತಿದವರಲ್ಲಿ ಗಾಂಧೀಜಿಯೂ ಒಬ್ಬರು. ನಮ್ಮವರ ತೆರಿಗೆ ಅನ್ಯಾಯ, ಪಕ್ಕದವನ ತೆರಿಗೆಗೆ ಸೈನ್ಯದ ಸಮವಸ್ತ್ರ! ಇದನ್ನು ನಾನು ಒಪ್ಪಲಾರೆ. ಸಾವಿರಾರು ಜುಲುಗಳು ಸತ್ತರು. ಅದು ಯುದ್ಧವೇ ಅಲ್ಲ, ಮನುಷ್ಯರ ಬೇಟೆ ಅಂತ ಆಮೇಲೆ ಗಾಂಧೀಜಿಗೇ ಅನ್ನಿಸಿತು.

ನಿಷ್ಠೆ ತೋರಿಸಿದರೆ ಹಕ್ಕು ಸಿಗುತ್ತದೆ ಅನ್ನೋ ಲೆಕ್ಕವಾದರೂ ಸರಿಹೋಯಿತಾ? ಇಲ್ಲ. ಜುಲೈನಲ್ಲಿ ಮರಳಿದರು. ಆಗಸ್ಟ್‌ನಲ್ಲೇ ಪಕ್ಕದ ಬ್ರಿಟಿಷ್ ವಸಾಹತು ಟ್ರಾನ್ಸ್‌ವಾಲ್‌ನ ಸರ್ಕಾರ ಏಷ್ಯನ್ನರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅನ್ನುವ ಮಸೂದೆ ಹೊರಡಿಸಿತು.

ಅಷ್ಟಾದರೂ ಆ ನಂಬಿಕೆ ಬಿಡಲಿಲ್ಲ. 1918ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಗುಜರಾತಿನ ಖೇಡಾದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸಲು ಹಳ್ಳಿ ಹಳ್ಳಿ ತಿರುಗಿದರು. ಈ ಸಲ ಸ್ಟ್ರೆಚರ್ ಹೊರುವವರಿಗಲ್ಲ, ಬಂದೂಕು ಹಿಡಿಯುವವರಿಗೆ. ಕೆಲವು ತಿಂಗಳ ಹಿಂದೆ ಕಂದಾಯದ ಸತ್ಯಾಗ್ರಹ ನಡೆದಾಗ ಇದೇ ರೈತರು ಬಿಟ್ಟಿಯಾಗಿ ಗಾಡಿ ಕಟ್ಟಿ ಕೊಟ್ಟಿದ್ದರು. ಈಗ ಬಾಡಿಗೆ ಕೊಡ್ತೀವಿ ಅಂದರೂ ಗಾಡಿ ಸಿಗೋದು ಕಷ್ಟವಾಯಿತು. ಅಹಿಂಸೆಯ ಮಾತಾಡುವ ನೀವೇ ನಮಗೆ ಆಯುಧ ಹಿಡಿಯಿರಿ ಅಂತೀರಲ್ಲ ಅಂತ ಸಭೆಯಲ್ಲೇ ಕೇಳಿದರು. ದಿನಕ್ಕೆ 20 ಮೈಲಿ ಗಾಂಧೀಜಿ ನಡೆದೇ ಹೋಗಬೇಕಾಯಿತು.