ಹಾಡು ಮುಗಿಯುವಷ್ಟರಲ್ಲಿ ಏನೋ ಒಂದು ಆಗಿರಬೇಕು

ಪಾಪ್ ಹಾಡೊಂದನ್ನು ಕೇಳಿ ಯಾರಾದರೂ "ಅಬ್ಬಾ, ಎಷ್ಟು ನಾಟಕೀಯವಾಗಿದೆ" ಅಂದರೆ ಅವರು ಮೆಚ್ಚಿದ್ದು ಬಹುತೇಕ ಸದ್ದನ್ನು. ಸಾಲುಗಟ್ಟಿದ ಪಿಟೀಲುಗಳು, ಹಿಂದೊಂದು ಕೋರಸ್, ಕೊನೆಗೆ ಶ್ರುತಿ ಏರಿಸಿ ಗಾಯಕಿ ಗಂಟಲು ಹರಿದುಕೊಳ್ಳುವುದು. ಇಷ್ಟಿದ್ದರೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಹಾಡಿನ ಹಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟುಬಿಡುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಅದು ವೇಷ. ನಾಟಕ ಬೇರೆ.

ಬ್ರಾಡ್‌ವೇ, ಲಂಡನ್ನಿನ ವೆಸ್ಟ್ ಎಂಡ್‌ಗಳ ಸಂಗೀತ ನಾಟಕದಲ್ಲಿ ಹಾಡಿಗೊಂದು ಕೆಲಸ ಇರುತ್ತದೆ. ಪಾತ್ರಕ್ಕೆ ಮಾತು ಸಾಲದಾದಾಗ ಅದು ಹಾಡಿಗಿಳಿಯುತ್ತದೆ. ಹಾಡು ಮುಗಿಯುವ ಹೊತ್ತಿಗೆ ಒಂದು ತೀರ್ಮಾನ ಆಗಿರುತ್ತದೆ, ಇಲ್ಲವೇ ಒಂದು ಗುಟ್ಟು ಬಯಲಾಗಿರುತ್ತದೆ. ರಂಗಭೂಮಿಯವರು ಇವಕ್ಕೆ ಹೆಸರುಗಳನ್ನೂ ಇಟ್ಟುಕೊಂಡಿದ್ದಾರೆ. ಶುರುವಿನಲ್ಲೇ ನಾಯಕಿ ತನಗೇನು ಬೇಕು ಎಂದು ತೋಡಿಕೊಳ್ಳುವುದು 'ಐ ವಾಂಟ್' ಹಾಡು. ಎಲ್ಲ ಕುಸಿದ ಮೇಲೆ ಪಾತ್ರ ತನ್ನನ್ನೇ ಎದುರಿಸುವುದು 'ಇಲೆವೆನ್ ಓ ಕ್ಲಾಕ್ ನಂಬರ್'. ಹಿಂದೆಲ್ಲ ನಾಟಕ ಎಂಟೂವರೆಗೆ ಶುರುವಾಗಿ ಆ ಹಾಡು ಹನ್ನೊಂದರ ಆಸುಪಾಸಿಗೆ ಬರುತ್ತಿತ್ತು, ಅದಕ್ಕೆ ಆ ಹೆಸರು. ಪಾಪ್ ಹಾಡಿಗೆ ಈ ಹೊರೆಯಿಲ್ಲ. ಒಂದು ಭಾವ ಹಿಡಿದು ಮೂರು ನಿಮಿಷ ಅದನ್ನೇ ಸುತ್ತಿದರೂ ನಡೆಯುತ್ತದೆ. ಕುಣಿಯುವವರಿಗೆ ಕಥೆ ಯಾಕೆ?

ಹಾಗಾಗಿ ನನ್ನ ಪರೀಕ್ಷೆ ಎರಡೇ ಪ್ರಶ್ನೆಯದು. ಹಾಡುವವರ ಎದುರಿಗೆ ಯಾರಾದರೂ ನಿಂತಿದ್ದಾರೆಯೇ? ಮತ್ತೆ, ಮೊದಲ ಸಾಲಿನಲ್ಲಿದ್ದ ಮನುಷ್ಯ ಕೊನೆಯ ಸಾಲಿನಲ್ಲೂ ಅದೇ ಮನುಷ್ಯನೇ?

ಈ ಮಾತು ಬಂದಾಗಲೆಲ್ಲ ಮೊದಲು ಹೊರಬರುವುದು ಕ್ವೀನ್ ತಂಡದ 'ಬೊಹೀಮಿಯನ್ ರಾಪ್ಸಡಿ'. 1975ರದ್ದು, ಐದು ನಿಮಿಷ ಐವತ್ತೈದು ಸೆಕೆಂಡು, ಮರಳಿ ಮರಳಿ ಬರುವ ಪಲ್ಲವಿಯೇ ಇಲ್ಲ. ತಾಯಿಯ ಮುಂದೆ ಕೊಲೆ ಒಪ್ಪಿಕೊಳ್ಳುವ ಮಗ, ಆಮೇಲೆ ಒಪೆರಾದ ಗದ್ದಲ, ಆಮೇಲೆ ಗಿಟಾರಿನ ರೊಚ್ಚು. ಒಪ್ಪುತ್ತೇನೆ, ಗಾಯಕ ಫ್ರೆಡ್ಡಿ ಮರ್ಕ್ಯುರಿಯ ತಾಯಿ-ಮಗನ ಭಾಗಕ್ಕೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಆ ಹುಡುಗ ಶುರುವಿನಲ್ಲಿ ಗಾಳಿ ಎತ್ತ ಬೀಸಿದರೂ ನನಗೇನು ಅನ್ನುತ್ತಾನೆ, ಇಷ್ಟೆಲ್ಲ ರಾದ್ಧಾಂತ ಆದಮೇಲೂ ಅದನ್ನೇ ಅನ್ನುತ್ತಾನೆ. ಅದೇ ಮಾತು ಕೊನೆಗೆ ಬೇರೆ ಅರ್ಥ ಕೊಡುತ್ತದೆ ಅಂತ ವಾದಿಸುವವರಿದ್ದಾರೆ. ಇರಲಿ. ನನಗದು ಅದ್ಭುತ ರಂಗಸಜ್ಜಿಕೆ, ಪಾತ್ರ ಮಾತ್ರ ನಿಂತಲ್ಲೇ ನಿಂತಿದೆ.

ಇದಕ್ಕಿಂತ ನೂರು ಪಾಲು ನಾಟಕ ಗ್ಲೋರಿಯಾ ಗೇನರ್ ಹಾಡಿದ 'ಐ ವಿಲ್ ಸರ್ವೈವ್'ನಲ್ಲಿದೆ. ಡಿಸ್ಕೋ ಹಾಡು ಎಂದು ಮೂಗು ಮುರಿಯಬೇಡಿ. ಮೊದಲು ಪಿಯಾನೋ ಒಂದು ಸಲ ಮೇಲಿಂದ ಕೆಳಗೆ ಉದುರುತ್ತದೆ. ತಾಳವಿಲ್ಲ. ಹೆಂಗಸೊಬ್ಬಳು ತನಗೆ ಎಷ್ಟು ಭಯವಾಗಿತ್ತು ಎಂದು ಹೇಳತೊಡಗುತ್ತಾಳೆ, ಹಾಡಿಗಿಂತ ಮಾತಿಗೇ ಹತ್ತಿರವಾಗಿ. ಹಳೆಯ ಬ್ರಾಡ್‌ವೇ ಹಾಡುಗಳಲ್ಲಿ ಮುಖ್ಯ ಧಾಟಿಗೆ ಮುಂಚೆ ಬರುತ್ತಿದ್ದ ಪೀಠಿಕೆಯ ಲಕ್ಷಣವೇ ಇದು. ತಾಳ ಹಿಡಿದ ಮೇಲೆ ಗೊತ್ತಾಗುತ್ತದೆ, ಅವಳು ನಮಗೆ ಹೇಳುತ್ತಿಲ್ಲ. ಬಿಟ್ಟುಹೋದವನು ವಾಪಸು ಬಂದು ಮನೆಯೊಳಗೇ ನಿಂತಿದ್ದಾನೆ! ಬೀಗ ಬದಲಾಯಿಸಬೇಕಿತ್ತು, ಕೀಲಿ ಕಿತ್ತುಕೊಳ್ಳಬೇಕಿತ್ತು ಎಂದು ಅವನ ಮುಖದ ಮೇಲೇ ಅನ್ನುತ್ತಾಳೆ, ಬಾಗಿಲು ತೋರಿಸುತ್ತಾಳೆ. ಅವನದು ಒಂದು ಮಾತೂ ಇಲ್ಲ, ಆದರೂ ಅವನು ಎಲ್ಲಿ ನಿಂತಿದ್ದಾನೆ, ಮುಖ ಹೇಗಾಗಿದೆ ಅಂತ ನಮಗೆ ಕಾಣುತ್ತದೆ.

ಸಂಗೀತದ ಕಡೆಯಿಂದ ನೋಡಿದರೆ ಇನ್ನೂ ಸ್ವಾರಸ್ಯ. ಇಡೀ ಹಾಡಿಗೆ ಇರುವುದು ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಒಂದೇ ಸರಣಿ, ಚರಣಕ್ಕೂ ಅದೇ, ಪಲ್ಲವಿಗೂ ಅದೇ, ಸುತ್ತಿ ಸುತ್ತಿ ಬರುತ್ತದೆ. ಶ್ರುತಿ ಏರಿಸುವ ಹಳೇ ಉಪಾಯಕ್ಕೆ ಕೈಹಾಕಿಲ್ಲ. ಬದಲಾಗುತ್ತಿರುವುದು ಅವಳೊಬ್ಬಳೇ: ನಡುಗುತ್ತಿದ್ದವಳು ಗದರಿಸುವವಳಾಗಿದ್ದಾಳೆ. 1978ರಲ್ಲಿ ಇದು 'ಸಬ್‌ಸ್ಟಿಟ್ಯೂಟ್' ಎಂಬ ಹಾಡಿನ ರೆಕಾರ್ಡಿನ ಹಿಂಬದಿಯಲ್ಲಿ ಬಂತು. ಕ್ಲಬ್ಬುಗಳ ಡಿಜೆಗಳು ರೆಕಾರ್ಡನ್ನು ಮಗುಚಿ ಹಾಕಿದರು, ಮರುವರ್ಷ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

ಉದ್ದ ಇದ್ದರೇ ನಾಟಕ ಅನ್ನುವವರು ರಾಯ್ ಆರ್ಬಿಸನ್‌ನ 'ರನ್ನಿಂಗ್ ಸ್ಕೇರ್ಡ್' ಕೇಳಬೇಕು. 1961ರದ್ದು, ಎರಡು ನಿಮಿಷ ಚಿಲ್ಲರೆ. ಪಲ್ಲವಿ ಇಲ್ಲ. ಬೊಲೆರೊ ಎಂಬ ಸ್ಪ್ಯಾನಿಷ್ ಕುಣಿತದ ಲಯ ಮೆಲ್ಲಗೆ ಕಾವೇರುತ್ತದೆ, ಅವಳ ಹಳೆಯ ಪ್ರಿಯಕರ ಬಂದುಬಿಟ್ಟರೆ ಎಂಬ ಭಯ. ಬಂದೇಬಿಡುತ್ತಾನೆ. ಅವಳು ಯಾರ ಜೊತೆ ಹೋದಳು ಎನ್ನುವುದು ಕಟ್ಟಕಡೆಯ ಸಾಲಿನಲ್ಲಿ, ಆರ್ಬಿಸನ್‌ನ ತಾರಸ್ವರದ ಮೇಲೆ ತಿಳಿಯುತ್ತದೆ, ಹಾಡು ಅಲ್ಲೇ ಕಡಿದಂತೆ ನಿಲ್ಲುತ್ತದೆ. ಚಪ್ಪಾಳೆಗೆ ಜಾಗ ಬಿಟ್ಟು ನಿಂತ ಹಾಗೆ.

ಈ ನಿಲ್ಲುವ ವಿಷಯ ಸಣ್ಣದಲ್ಲ. ರಂಗದ ಮೇಲೆ ಹಾಡು ಮುಗಿಯಲೇಬೇಕು, ಅದಕ್ಕೆ ಅವರು 'ಬಟನ್' ಅನ್ನುತ್ತಾರೆ, ಕೊನೆಯ ಒಂದೇ ಏಟು. ಸ್ಟುಡಿಯೋದಲ್ಲಾದರೆ ವಾಲ್ಯೂಮ್ ಇಳಿಸುತ್ತ ಹೋದರಾಯಿತು. ನನ್ನ ಮುದ್ದಿನ 'ಐ ವಿಲ್ ಸರ್ವೈವ್' ಕೂಡ ಹಾಗೇ ಕರಗಿಹೋಗುತ್ತದೆ, ಅದೊಂದು ಅಂಕ ಕಡಿಮೆ.

ಆದರೆ ಹೀಗೆ ಕರಗುವುದೂ ನಾಟಕವಾಗಬಹುದು. ಜಿಮ್ ಸ್ಟೈನ್‌ಮನ್ ಬರೆದು ಮೀಟ್ ಲೋಫ್ ಮತ್ತು ಎಲೆನ್ ಫೋಲಿ ಹಾಡಿದ 'ಪ್ಯಾರಡೈಸ್ ಬೈ ದ ಡ್ಯಾಶ್‌ಬೋರ್ಡ್ ಲೈಟ್' (1977) ನೋಡಿ. ಎಂಟೂವರೆ ನಿಮಿಷದ ಪ್ರಹಸನ. ಕಾರಿನಲ್ಲಿ ಹುಡುಗ, ಹುಡುಗಿ. ಹುಡುಗನ ಆತುರವನ್ನು ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯಾಗಿ ಹೇಳುತ್ತಾರೆ, ಹೇಳಿದವರು ನಿಜವಾದ ವಿವರಣೆಗಾರ ಫಿಲ್ ರಿಜೂಟೊ. ತುದಿ ಮುಟ್ಟುವ ಹೊತ್ತಿಗೆ ಹುಡುಗಿ ಎಲ್ಲವನ್ನೂ ನಿಲ್ಲಿಸಿ ಕೇಳುತ್ತಾಳೆ: ಜೀವನಪೂರ್ತಿ ನನ್ನನ್ನೇ ಪ್ರೀತಿಸುತ್ತೀಯಾ, ಈಗಲೇ ಹೇಳು. ಅವನು ಬೆಳಿಗ್ಗೆ ಹೇಳ್ತೀನಿ ಅಂತ ಜಾರಿಕೊಳ್ಳಲು ನೋಡುತ್ತಾನೆ. ಅವಳು ಬಿಡುವುದಿಲ್ಲ. ಕೊನೆಗೆ ಕಾಲದ ಕೊನೆಯವರೆಗೂ ಎಂದು ಆಣೆ ಹಾಕಿಬಿಡುತ್ತಾನೆ. ಮುಂದಿನ ದೃಶ್ಯದಲ್ಲಿ ಅವನ ಪ್ರಾರ್ಥನೆ ಒಂದೇ, ಆ ಕಾಲದ ಕೊನೆ ಬೇಗ ಬರಲಿ! ಆಗ ಹಾಡು ನಿಲ್ಲುವುದಿಲ್ಲ, ಇಬ್ಬರೂ ಒಬ್ಬರ ಮೇಲೊಬ್ಬರು ಹಾಡುತ್ತಲೇ ದೂರವಾಗುತ್ತಾರೆ. ಆ ಮದುವೆಗೆ ಮುಕ್ತಾಯವಿಲ್ಲ, ಹಾಡಿಗೆ ಎಲ್ಲಿಂದ ಬರಬೇಕು?

ಸ್ಟೈನ್‌ಮನ್ ರಂಗಭೂಮಿಯಿಂದಲೇ ಬಂದವನು. ಗಾಯಕಿ ಬಾನಿ ಟೈಲರ್‌ಗೆ ಕೊಟ್ಟ 'ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್' (1983) ಹುಟ್ಟಿದ್ದು ರಕ್ತಪಿಶಾಚಿಯ ನಾಟಕಕ್ಕೆಂದು ಎಂದು ಅವನೇ ಹೇಳಿಕೊಂಡಿದ್ದ. ರೆಕಾರ್ಡಿನಲ್ಲಿ ಆ ಹಾಡು ನನಗೆ ಬರೀ ಬಿರುಗಾಳಿ, ಆಗಾಗ ಗಂಡುದನಿಯೊಂದು ತಿರುಗು, ತಿರುಗು ಎಂದು ಕರೆಯುತ್ತದೆ, ಯಾರು, ಯಾಕೆ ತಿಳಿಯುವುದಿಲ್ಲ. 1997ರಲ್ಲಿ ವಿಯೆನ್ನಾದಲ್ಲಿ 'ತಾನ್ಸ್ ಡೆರ್ ವಾಂಪೀರೆ' ನಾಟಕಕ್ಕೆ ಅದೇ ಧಾಟಿಯನ್ನು ಪಿಶಾಚಿಗೂ ಅವನ ಕಡೆ ಸೆಳೆತಕ್ಕೊಳಗಾದ ಹುಡುಗಿಗೂ ಹಂಚಿಕೊಟ್ಟ. ಎದುರಿಗೊಬ್ಬರು ನಿಂತ ಕೂಡಲೇ ಆ ಕರೆಗೆ ಅರ್ಥ ಬಂತು.

ಸ್ವೀಡನ್ನಿನ ಪಾಪ್ ತಂಡ ಆಬಾದ ಹಾಡುಗಳನ್ನು ಪೋಣಿಸಿ ಮಾಡಿದ 'ಮಮ್ಮಾ ಮಿಯಾ!' 1999ರಲ್ಲಿ ಲಂಡನ್ನಿನಲ್ಲಿ ರಂಗಕ್ಕೇರಿತು. ಬಹಳಷ್ಟು ಹಾಡುಗಳು ಅಲ್ಲಿ ಕಥೆಯೊಳಗೆ ತುರುಕಿದ ಹಾಗಿವೆ, ಅದರಲ್ಲೂ ಒಂದು ಮಜಾ ಇದೆ ಬಿಡಿ. 'ದ ವಿನ್ನರ್ ಟೇಕ್ಸ್ ಇಟ್ ಆಲ್' ಮಾತ್ರ ಆ ದೃಶ್ಯಕ್ಕೇ ಬರೆದಂತಿದೆ. ಅದು 1980ರಲ್ಲೇ ದೃಶ್ಯವಾಗಿತ್ತು: ಸೋತವಳು ಗೆದ್ದವನ ಎದುರು ನಿಂತು, ಮಾತಾಡುವುದಕ್ಕೇನೂ ಇಲ್ಲ ಎನ್ನುತ್ತಲೇ ಎಲ್ಲವನ್ನೂ ಆಡಿಬಿಡುತ್ತಾಳೆ. ಅದನ್ನು ಬರೆದ, ತಂಡದ ಬ್ಯೋರ್ನ್‌ಗೂ ಹಾಡಿದ ಅಗ್ನೆತಾಗೂ ಆಗತಾನೇ ಮದುವೆ ಮುರಿದಿತ್ತು.

'ಐ ವಾಂಟ್' ಹಾಡು ಈ ಕಾಲದಲ್ಲೂ ಬೇಕು ಅನ್ನುವವರಿಗೆ ಚಾಪೆಲ್ ರೋನ್‌ಳ 'ಪಿಂಕ್ ಪೋನಿ ಕ್ಲಬ್' (2020) ಇದೆ. ಟೆನೆಸಿಯ ಹುಡುಗಿ, ಕ್ಯಾಲಿಫೋರ್ನಿಯಾದ ಕುಣಿತದ ಕ್ಲಬ್ಬಿನ ಕನಸು, ನಡುವೆ ತಾಯಿಯ ಕೂಗು. ಮೊದಲ ಅಂಕದ ಮೂರನೇ ಹಾಡಾಗಿ ಹಾಗೇ ಎತ್ತಿಡಬಹುದು.

ನನ್ನ ಪಟ್ಟಿಯ ತುದಿಯಲ್ಲಿರುವುದು ಮಾತ್ರ ಇಂಥ ಪಟ್ಟಿಗಳಲ್ಲಿ ಯಾರೂ ಸೇರಿಸದ ಹಾಡು. ರ‍್ಯಾಪರ್ ಎಮಿನೆಮ್‌ನ 'ಸ್ಟ್ಯಾನ್' (2000). ಪಿಟೀಲಿಲ್ಲ, ತಾರಸ್ವರವಿಲ್ಲ, ಮಳೆಯ ಸದ್ದು, ಪೆನ್ಸಿಲ್ ಗೀರುವ ಸದ್ದು. ಸ್ಟ್ಯಾನ್ ಎಂಬ ಅಭಿಮಾನಿಯೊಬ್ಬ ತನ್ನ ಮೆಚ್ಚಿನ ಸ್ಟಾರ್‌ಗೆ ಬರೆಯುವ ಪತ್ರಗಳು, ಒಂದಕ್ಕಿಂತ ಒಂದು ಕೆರಳುತ್ತ ಹೋಗುತ್ತವೆ. ಮೂರನೆಯದು ಪತ್ರವಲ್ಲ, ಕಾರು ಓಡಿಸುತ್ತ ಕ್ಯಾಸೆಟ್ಟಿಗೆ ಮಾತಾಡಿದ್ದು. ಕಾರು ಸೇತುವೆಯಿಂದ ಉರುಳುತ್ತದೆ. ನಾಲ್ಕನೆಯ ಚರಣದಲ್ಲಿ ಸ್ಟಾರ್ ಪುರುಸೊತ್ತಾಗಿ ಕೂತು ಉತ್ತರ ಬರೆಯುತ್ತಾನೆ: ತಡವಾಯಿತು, ನಿನಗೆ ಸಹಾಯ ಬೇಕು ಕಣೋ, ಗೆಳತಿಯನ್ನು ಚೆನ್ನಾಗಿ ನೋಡಿಕೋ. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ, ಕೂಗಿ ಹೇಳೋಣವೆಂದರೆ ಆಗುವುದಿಲ್ಲ. ಟೀವಿಯಲ್ಲಿ ನೋಡಿದ ಸುದ್ದಿಯೊಂದನ್ನು ಉದಾಹರಣೆಗೆಂದು ಬರೆಯತೊಡಗುತ್ತಾನೆ, ಯಾರೋ ಕುಡಿದು ಕಾರನ್ನು ಸೇತುವೆಯಿಂದ ಹಾರಿಸಿದನಂತೆ, ಹೆಸರು ನೆನಪಾಗುತ್ತಿಲ್ಲ. ಬರೆಯುತ್ತ ಬರೆಯುತ್ತ ಹೆಸರು ಹೊಳೆಯುತ್ತದೆ, ಹಾಡು ಅಲ್ಲಿಗೆ ಮುಗಿಯುತ್ತದೆ.