ಡನ್‌ಕರ್ಕ್: ಸೈನಿಕರನ್ನು ದಾಟಿಸಿದ್ದು ಮೀನುಗಾರರ ದೋಣಿಗಳೇ?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅದರ ಮಿತ್ರ ದೇಶಗಳ ಸೈನಿಕರನ್ನು ಜರ್ಮನ್ ಸೇನೆ ಸುತ್ತುವರಿದದ್ದು ಉತ್ತರ ಫ್ರಾನ್ಸಿನ ಬಂದರು ಡನ್‌ಕರ್ಕ್‌ನಲ್ಲಿ. ‘1940ರಲ್ಲಿ ಡನ್‌ಕರ್ಕ್‌ನಲ್ಲಿ ಬ್ರಿಟಿಷ್ ನೌಕಾಪಡೆ ಕೈಚೆಲ್ಲಿ ಕೂತಿತ್ತು, ಮೀನುಗಾರರೇ ಮೂರು ಲಕ್ಷ ಸೈನಿಕರನ್ನು ತಮ್ಮ ದೋಣಿಗಳಲ್ಲಿ ಇಂಗ್ಲೆಂಡಿಗೆ ಸಾಗಿಸಿದರು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಓದಲು ಚೆನ್ನಾಗಿದೆ, ಆದರೆ ನಿಜವಲ್ಲ.

ಜೂನ್ 1ರ ಲೆಕ್ಕವನ್ನೇ ನೋಡಿ. ಅಂದು ಪಾರಾದವರು 64,429 ಮಂದಿ. ಅವರಲ್ಲಿ 47,081 ಜನ ಹಡಗು ಹತ್ತಿದ್ದು ಬಂದರಿನಲ್ಲಿ, 17,348 ಜನ ಮಾತ್ರ ಮರಳದಂಡೆಯಿಂದ. ಬಂದರಿನ ಪೂರ್ವಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಅಲೆತಡೆ ಗೋಡೆಯಿತ್ತು, ಮೇಲೆ ಮರದ ಕಿರಿದಾದ ಕಾಲುದಾರಿ. ಹಡಗು ಕಟ್ಟಲೆಂದು ಮಾಡಿದ್ದೇ ಅಲ್ಲ. ಅದನ್ನೇ ಬಳಸೋಣ ಎಂದು ದಡದಲ್ಲಿ ಸಾಗಾಟದ ಹೊಣೆ ಹೊತ್ತಿದ್ದ ಬ್ರಿಟಿಷ್ ನೌಕಾಧಿಕಾರಿ ಕ್ಯಾಪ್ಟನ್ ವಿಲಿಯಂ ಟೆನಂಟ್ ಮೇ 27ರ ರಾತ್ರಿ ನಿರ್ಧರಿಸಿದರು. ನನ್ನ ಪ್ರಕಾರ ಇಡೀ ಕಾರ್ಯಾಚರಣೆಯ ದಿಕ್ಕು ಬದಲಿಸಿದ್ದು ಆ ತೀರ್ಮಾನ.

ನೌಕಾಪಡೆ ಕೂತಿರಲೂ ಇಲ್ಲ. ಅದೇ ಜೂನ್ 1ರಂದು ಜರ್ಮನ್ ವಿಮಾನಗಳ ದಾಳಿಗೆ ಕೀತ್, ಬ್ಯಾಸಿಲಿಸ್ಕ್, ಹ್ಯಾವಂಟ್ ಎಂಬ ಮೂರು ಬ್ರಿಟಿಷ್ ಡಿಸ್ಟ್ರಾಯರ್ ಯುದ್ಧನೌಕೆಗಳು, ಫ್ರೆಂಚರ ಫೂದ್ರೊಯಾಂ ಮುಳುಗಿದವು. ಆಮೇಲೆ ಹಗಲಿನ ಸಾಗಾಟ ನಿಲ್ಲಿಸಿ ರಾತ್ರಿಗೆ ಸೀಮಿತಗೊಳಿಸಬೇಕಾಯಿತು.

ಹಾಗಂತ ಸಣ್ಣ ದೋಣಿಗಳ ಕಥೆ ಕಟ್ಟುಕಥೆಯಲ್ಲ. ದೊಡ್ಡ ಹಡಗುಗಳು ಬರಲಾಗದ ಆಳವಿಲ್ಲದ ನೀರಿನಿಂದ ಸೈನಿಕರನ್ನು ಹಡಗಿಗೆ ಮುಟ್ಟಿಸಿದ್ದು ಅವೇ. ಹಲವನ್ನು ನಡೆಸಿದವರು ಮಾತ್ರ ನೌಕಾಪಡೆಯವರು. ಪಾರಾದ ಒಟ್ಟು 3,38,226 ಜನರಲ್ಲಿ ಫ್ರೆಂಚರು ಲಕ್ಷಕ್ಕೂ ಹೆಚ್ಚು. ಹೇಸರಗತ್ತೆಗಳೊಂದಿಗೆ ಫ್ರಾನ್ಸಿಗೆ ಹೋಗಿದ್ದ ಭಾರತೀಯ ಸೈನಿಕರೂ ಪಾರಾದವರಲ್ಲಿದ್ದರು, ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು.